ಹೆಣದ ಮುಂದಿನ ಮೈಕು

ದಾವಣಗೆರೆಯಲ್ಲಿ ಸತ್ತವರು ಒಂದು ವಿಷಯದಲ್ಲಿ ಅದೃಷ್ಟವಂತರು. ತಮ್ಮ ಬಗ್ಗೆ ಆಮೇಲೆ ನಡೆಯುವ ಭಾಷಣಗಳನ್ನು ಅವರು ಕೇಳಬೇಕಾಗಿಲ್ಲ. ಕೇಳುವ ಕರ್ಮ ಉಳಿದವರದ್ದು. ಶ್ರದ್ಧಾಂಜಲಿ ಸಭೆ, ಸಂತಾಪ ಸೂಚಕ ಸಭೆ, ನುಡಿನಮನ, ಹೆಸರು ಏನಾದರೂ ಇರಲಿ, ಒಂದರ ಪ್ರಸಂಗ ಮರೆಯುವಷ್ಟರಲ್ಲಿ ಇನ್ನೊಂದು ಬಂದೇ ಬರುತ್ತಿತ್ತು.

ನಾನು ಹೇಳುತ್ತಿರುವುದು ನಮ್ಮೂರು ಹೊಸದಾಗಿ ಜಿಲ್ಲೆಯಾದ ಕಾಲದ ಮಾತು. ಅದುವರೆಗೆ ತಾಲೂಕು ಮಟ್ಟದಲ್ಲಿ ಅಳುತ್ತಿದ್ದವರೆಲ್ಲ ಏಕಾಏಕಿ ಜಿಲ್ಲಾ ಮಟ್ಟದಲ್ಲಿ ಅಳತೊಡಗಿದ್ದರು. ನಾನು ಇಲ್ಲಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಮನೆಯವರು ಹರಿಹರದ ಕಾರ್ಖಾನೆಯೊಂದರ ಆಫೀಸಿನಲ್ಲಿದ್ದರು. ಅವರದ್ದು ಬೆಣ್ಣೆಯಂಥ ಮನಸ್ಸು. ಯಾರು ಸತ್ತರೂ ಹೋಗಬೇಕು, ಯಾರು ಮಾತಾಡಿದರೂ ಅಳಬೇಕು. ಜೊತೆಗೆ ನಾನೂ ಹೋಗಬೇಕು. ನನಗೋ, ಮೈಕಿನ ಮುಂದೆ ಅಳುವ ಗಂಡಸರನ್ನು ಕಂಡರೆ ಆಗುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ.

ಈ ಗಾಯಕ್ಕೆ ಉಪ್ಪು ಸುರಿದದ್ದು ನಮ್ಮ ಪಠ್ಯ. ಬಿ.ಎ. ಮಕ್ಕಳಿಗೆ ಒಂದು ಹಳೆಯ ದುರಂತ ನಾಟಕವಿತ್ತು. ರಾಜನಾಗಲು ಹೊರಟಿದ್ದಾನೆಂದು ಒಬ್ಬ ನಾಯಕನನ್ನು ಅವನ ಗೆಳೆಯರೇ ಇರಿದು ಕೊಲ್ಲುತ್ತಾರೆ. ಆಮೇಲೆ ಹೆಣದ ಮುಂದೆ ಇಬ್ಬರ ಭಾಷಣ. ಮೊದಲನೆಯವನು ಕೊಂದವರಲ್ಲಿ ಒಬ್ಬ, ಪ್ರಾಮಾಣಿಕ. ಯಾಕೆ ಕೊಂದೆವೆಂದು ಕಾರಣ ಹೇಳುತ್ತಾನೆ, ಜನ ಜೈ ಅನ್ನುತ್ತಾರೆ. ಎರಡನೆಯವನು ಸತ್ತವನ ಕಡೆಯವನು. ಕೊಂದವರನ್ನು ಹೊಗಳುತ್ತಾನೆ, ಮತ್ತೆ ಮತ್ತೆ ಹೊಗಳುತ್ತಾನೆ, ಹೊಗಳಿ ಹೊಗಳಿ ಆ ಹೊಗಳಿಕೆಯನ್ನೇ ಬೈಗುಳ ಮಾಡಿಬಿಡುತ್ತಾನೆ. ಸತ್ತವನ ಹರಿದ ಬಟ್ಟೆ ತೋರಿಸುತ್ತಾನೆ. ಆಗಷ್ಟೇ ಜೈ ಅಂದ ಜನವೇ ಕೊಂದವರ ಮನೆ ಸುಡಲು ಹೊರಡುತ್ತಾರೆ. ಬೆಳಿಗ್ಗೆ ಇದನ್ನು ಪಾಠ ಮಾಡಿ, ಸಂಜೆ ಸಂತಾಪ ಸಭೆಗೆ ಹೋಗಿ ಕೂರುವುದು ಎಂಥ ಶಿಕ್ಷೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ಎದ್ದು ಹೋದವನು

ಒಂದು ದಿನ ತರಗತಿಯಲ್ಲಿ ಕೇಳಿದೆ: "ಮೊದಲನೆಯವನು ಸತ್ಯವಂತ. ಅವನ ಮಾತಿಗೆ ಜನ ಒಪ್ಪಿಯೂ ಇದ್ದರು. ಆದರೂ ಸೋತ. ಯಾಕೆ?"

ಗೈಡು ಓದಿದ ಹುಡುಗರು ಗಿಳಿಯ ಹಾಗೆ ಹೇಳಿದರು. ಅವನದು ತರ್ಕ, ಇವನದು ಭಾವನೆ. ಅವನದು ಗದ್ಯ, ಇವನದು ಪದ್ಯ. ಬಾತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಮಾತ್ರ ಸುಮ್ಮನೆ ಕೂತಿದ್ದಳು. ಎಬ್ಬಿಸಿ ನಿಲ್ಲಿಸಿದೆ.

"ಮೇಡಂ, ಅವ್ನು ತನ್ನ ಭಾಷಣ ಮುಗೀತು ಅಂತ ಎದ್ದು ಹೋದ್ನಲ್ಲ, ಅಲ್ಲೇ ಕೆಟ್ಟ."

"ಅಂದ್ರೆ?"

"ನಮ್ಮ ದೊಡ್ಡಪ್ಪ ಪಂಚಾಯ್ತಿ ಮೆಂಬರು ಮೇಡಂ. ಕಡೀಗೆ ಮಾತಾಡೋನು ನಾನೇ ಅಂತ ಮೊದ್ಲೇ ಹೇಳಿಟ್ಟಿರ್ತಾರೆ. ಎದುರು ಪಾರ್ಟಿಯೋರು ಮಾತಾಡೋವಾಗ ಒಂದಕ್ಕೂ ಎದ್ದು ಹೋಗಂಗಿಲ್ಲ. ಎಷ್ಟೊತ್ತಾದ್ರೂ ತಡಕಂಡು ಕೂತಿರ್ತಾರೆ. ಇವ್ನು ನೋಡಿದ್ರೆ ಶತ್ರು ಕೈಗೆ ಮೈಕ್ ಕೊಟ್ಟು ಮನೀಗೆ ಹೋಗ್ಯಾನೆ!"

ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ಮನಸ್ಸಿನಲ್ಲೇ ಕೈ ಮುಗಿದೆ. ನಾಟಕವನ್ನು ಇಷ್ಟು ಸರಿಯಾಗಿ ನನಗೆ ಯಾವ ವಿಮರ್ಶಕನೂ ವಿವರಿಸಿರಲಿಲ್ಲ.

ಆ ಹುಡುಗಿ ಇದನ್ನೇ ಪರೀಕ್ಷೆಯಲ್ಲೂ ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆದಳು. ಅವಳ ಪೇಪರು ನೋಡಿದ್ದು ನಮ್ಮ ವಿಭಾಗದ ಮುಖ್ಯಸ್ಥರು. ಮೂವತ್ತು ವರ್ಷ ಒಂದೇ ಪಾಠವನ್ನು ಒಂದೇ ಕೆಮ್ಮಿನ ಜೊತೆ ಮಾಡಿದವರು. ಆ ಪ್ಯಾರಾದ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದರು: "ಪಠ್ಯದಲ್ಲಿ ಎಲ್ಲಿಯೂ ಮೂತ್ರದ ಪ್ರಸ್ತಾಪವಿಲ್ಲ."

ಲೆಕ್ಕಕ್ಕಿಲ್ಲದ ಮೌನ

ನಮ್ಮ ಮನೆಯವರ ಆಫೀಸಿನ ಹಿರಿಯರೊಬ್ಬರು ತೀರಿಕೊಂಡರು. ಹರಿಹರದ ಒಂದು ಸಭಾಭವನದಲ್ಲಿ ಮಧ್ಯಾಹ್ನ ಸಭೆ. ಅಧ್ಯಕ್ಷತೆಗೆ ಊರಿನ ಒಬ್ಬ ಮುಖಂಡರು ಬಂದರು. ಸತ್ತವರನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಆದರೆ ಮೈಕನ್ನು ನೋಡಿದ್ದರು, ಅಷ್ಟು ಸಾಕಲ್ಲ.

"ಈಗ ನಾವೆಲ್ಲ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಅಂದರು. ನಾವು ಎದ್ದೆವು. "ಅದಕ್ಕೂ ಮೊದಲು ಮೌನ ಎಂದರೇನು ಎಂಬ ಬಗ್ಗೆ ಎರಡು ಮಾತು" ಅಂದರು. ನಾವು ಕೂತೆವು.

ಋಷಿಗಳ ಮೌನ, ಶರಣರ ಮೌನ, ಹಿಮಾಲಯದ ಮೌನ. ಮೌನ ಬಂಗಾರ, ಮೌನ ಆಭರಣ, ಮೌನ ಆಯುಧ. ಇವತ್ತಿನ ರಾಜಕಾರಣಿಗಳಲ್ಲಿ ಮೌನ ಎಲ್ಲಿದೆ ಎಂದು ಕೂಗಿ ಕೇಳಿದರು. ಮುಂದಿನ ಸಾಲಿನ ಮಗುವೊಂದು ಬೆಚ್ಚಿ ಅಳತೊಡಗಿತು. ಸತ್ತವರ ಹೆಂಡತಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಜನ ಅದನ್ನು ಕಣ್ಣೀರು ಅಂದುಕೊಂಡರು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತವು, ಮೈಕು ಸತ್ತಿತು. ವೇದಿಕೆಯ ಮೇಲೆ ಮುಖಂಡರ ತುಟಿ ಆಡುತ್ತಿತ್ತು, ಕೈ ಬೀಸುತ್ತಿತ್ತು, ಆದರೆ ಅಷ್ಟು ದೊಡ್ಡ ಹಾಲಿನಲ್ಲಿ ಒಂದಕ್ಷರ ಕೇಳುತ್ತಿರಲಿಲ್ಲ. ಮೌನಾಚರಣೆ ಶುರುವಾಯಿತೇನೋ ಎಂದು ಹಿಂದಿನ ಸಾಲಿನವರು ಯಾರೋ ಎದ್ದು ತಲೆ ತಗ್ಗಿಸಿದರು. ಅವರನ್ನು ನೋಡಿ ಎಲ್ಲರೂ ಎದ್ದರು.

ಸತ್ಯ ಹೇಳುತ್ತೇನೆ, ಆ ಮಧ್ಯಾಹ್ನ ಸತ್ತವರು ನನಗೆ ನೆನಪಾದದ್ದು ಆ ಒಂದು ಗಳಿಗೆಯಲ್ಲಿ ಮಾತ್ರ. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ ಹೋಳಿಗೆಗೆ ತುಪ್ಪ ಸಾಲದು ಎಂದು ತಾವೇ ಅಡುಗೆಮನೆಗೆ ನುಗ್ಗಿ ಡಬ್ಬಿ ಹುಡುಕಿದ್ದರು, ಪಾಪ. ಪಕ್ಕದಲ್ಲಿ ನಮ್ಮ ಮನೆಯವರು ಗಳಗಳ ಅಳುತ್ತಿದ್ದರು.

ಕರೆಂಟು ಬಂತು. ಮೈಕು ಕಿರ್ರೆಂದಿತು. ಮುಖಂಡರು ನಮ್ಮೆಲ್ಲರನ್ನೂ ಸಿಟ್ಟಿನಿಂದ ನೋಡಿ ಹೇಳಿದರು:

"ಯಾಕ್ರಿ ಎಲ್ಲಾ ಎದ್ದು ನಿಂತೀರಿ? ಕೂಡ್ರಿ, ಕೂಡ್ರಿ. ಈಗ ಆಗಿದ್ದು ಮೌನ ಅಲ್ಲ, ಕರೆಂಟ್ ಹೋಗಿದ್ದು. ಮೌನ ನಾನು ಹೇಳಿದ ಮ್ಯಾಲೆ ಶುರು."

ಶಾಲಿನ ತೂತು

ಮಂಡಿಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟಿದ್ದ ಯಜಮಾನರೊಬ್ಬರು ಲಿಂಗೈಕ್ಯರಾದರು. ನಮ್ಮ ಮನೆಯವರಿಗೆ ದೂರದ ನೆಂಟರು. ಮಕ್ಕಳಿರಲಿಲ್ಲ. ಕೊನೆಯ ಕೆಲವು ವರ್ಷ ಅಂಗಡಿಯ ವ್ಯವಹಾರವನ್ನೆಲ್ಲ ನಡೆಸಿದ್ದು ಅವರ ಹೆಂಡತಿ. ಆಯಮ್ಮ ಗಲ್ಲಾಪೆಟ್ಟಿಗೆ ಮುಂದೆ ಕೂತರೆ ಹಮಾಲರಿಂದ ಹಿಡಿದು ದೊಡ್ಡ ರೈತರವರೆಗೆ ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದರು.

ಯಜಮಾನರಿಗೆ ಒಬ್ಬ ಅಣ್ಣನ ಮಗನಿದ್ದ. ನಂದಿಗುಡಿ ಕಡೆ ಗದ್ದೆ ಇತ್ತು, ಆದರೆ ಗದ್ದೆಗೆ ಇಳಿಯುವ ಕಾಲು ಇರಲಿಲ್ಲ. ಚಿಕ್ಕಪ್ಪನ ಜೊತೆ ಜಗಳವಾಡಿ ಅಂಗಡಿ ಬಿಟ್ಟು ಹೋದವನು, ಚಿಕ್ಕಪ್ಪ ಹಾಸಿಗೆ ಹಿಡಿದಾಗಲೂ ಬರಲಿಲ್ಲ. ಸತ್ತ ಮೇಲೆ ಮಾತ್ರ ಎಲ್ಲರಿಗಿಂತ ಮೊದಲು ಬಂದ. ಅಂಗಡಿಯನ್ನು ಹೆಂಗಸು ನಡೆಸುವುದು ಕುಲಕ್ಕೆ ಶೋಭೆಯಲ್ಲ, ವಾರಸುದಾರ ನಾನು ಎಂದು ನಾಲ್ಕು ಜನ ಹಿರಿಯರ ಕಿವಿಯಲ್ಲಿ ಊದಿಯೂ ಇಟ್ಟಿದ್ದ. ಶಿವಗಣಾರಾಧನೆಯ ದಿನ ಪೆಂಡಾಲಿನಲ್ಲಿ ಊಟಕ್ಕೆ ಮೊದಲು ನುಡಿನಮನ. ಈ ಅಣ್ಣನ ಮಗ ಎದ್ದ. ಕೈಯಲ್ಲಿ ಒಂದು ಕಂದು ಬಣ್ಣದ ಶಾಲು.

"ಬಂಧುಗಳೇ, ಈ ಶಾಲು ಯಾರದ್ದು ಗೊತ್ತೇನ್ರಿ? ನಮ್ಮ ಚಿಕ್ಕಪ್ಪಾಜಿದು! ಚಳಿಗಾಲದಾಗೆ ಇದನ್ನ ಹೊದ್ದು ಮಂಡಿಗೆ ಬರ್ತಿದ್ರು. ಇವತ್ತು ಶಾಲೈತೆ, ಚಿಕ್ಕಪ್ಪಾಜಿ ಇಲ್ಲ!"

ಜನ ಲೊಚಗುಟ್ಟಿದರು. ನಮ್ಮ ಮನೆಯವರು ಕರ್ಚೀಫು ತೆಗೆದರು. ಅಲ್ಲಿಗೆ ನಿಲ್ಲಿಸಿದ್ದರೆ ಅವನು ಗೆಲ್ಲುತ್ತಿದ್ದ. ಆದರೆ ಮೈಕಿನ ರುಚಿ ಹತ್ತಿದವನು ನಿಲ್ಲಿಸುತ್ತಾನೆಯೇ? ಶಾಲನ್ನು ಬಿಚ್ಚಿ, ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ.

"ನೋಡ್ರಿ, ಈ ತೂತು ನೋಡ್ರಿ! ಇದು ಸಮಾಜ ಅವರಿಗೆ ಕೊಟ್ಟ ನೋವು! ಈ ತೂತು ನೋಡ್ರಿ! ಇದು ವ್ಯವಹಾರದಾಗೆ ಮೋಸ ಮಾಡಿದವರು ಕೊಟ್ಟ ಪೆಟ್ಟು! ಇನ್ನು ಇದು, ಈ ದೊಡ್ಡ ತೂತು... ಇದು ಮನೆಯೊಳಗಿನವರೇ..."

ಎನ್ನುತ್ತ ಹೆಂಗಸರು ಕೂತಿದ್ದ ಕಡೆ ಓರೆಗಣ್ಣು ಹಾಯಿಸಿದ. ಹಿರಿಯರು ಆ ಕಡೆ ತಿರುಗಿದರು.

ಹೆಂಗಸರ ನಡುವಿನಿಂದ ಆಯಮ್ಮನ ದನಿ ಬಂತು. ಮೈಕು ಬೇಕಾಗಲಿಲ್ಲ.

"ಯಪ್ಪಾ, ಅವೆಲ್ಲ ಬೀಡಿ ತೂತು. ಅವರು ಬೀಡಿ ಸೇದ್ತಿರಲಿಲ್ಲ, ನೀನು ಸೇದ್ತಿ. ಜಗಳ ಮಾಡ್ಕಂಡು ಹೋಗೋ ದಿನ ಅವರ ಶಾಲು ಹೊದ್ಕಂಡು ಹೋದೋನು ಇವತ್ತು ತಂದೀಯ. ಅಲ್ಲಿ ಮಡಚಿ ಇಟ್ಟು, ಊಟಕ್ಕೆ ಕೂಡು."

ಅವನು ಮಡಚಿ ಇಟ್ಟ. ಊಟಕ್ಕೂ ಕೂತ. ಭಾಷಣ ಬಿದ್ದರೂ ಹಸಿವು ಬಿದ್ದಿರಲಿಲ್ಲ, ಎರಡು ಸಲ ಗೋಧಿ ಹುಗ್ಗಿ ಹಾಕಿಸಿಕೊಂಡ.

ಸಾಹುಕಾರರ ತಾಲೀಮು

ಆನೆಕೊಂಡದ ಕಡೆ ಒಬ್ಬ ಸಾಹುಕಾರರಿದ್ದರು. ಆರೋಗ್ಯಕ್ಕೇನೂ ಆಗಿರಲಿಲ್ಲ. ಆದರೂ ಒಂದು ಚಿಂತೆ ಹತ್ತಿತು: ನಾನು ಸತ್ತ ಮೇಲೆ ಭಾಷಣ ಮಾಡುವವರು ಏನಾದರೂ ಬಿಟ್ಟುಬಿಟ್ಟರೆ?

ನಮ್ಮ ಕಾಲೇಜಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರ ಕಂಠ ಬಹಳ ಚೆನ್ನಾಗಿತ್ತು. ಬಾಡಿಗೆ ಮನೆ, ಹಳೇ ಸೈಕಲ್ಲು, ಇಬ್ಬರು ಗಂಡುಮಕ್ಕಳು. ಸಾಹುಕಾರರು ಅವರನ್ನೇ ಕರೆಸಿ, ತಮ್ಮ ಅಂತಿಮ ಭಾಷಣ ಸಿದ್ಧಪಡಿಸಿ ತಮ್ಮೆದುರೇ ಒಪ್ಪಿಸಬೇಕೆಂದರು. ಮೇಷ್ಟ್ರು ಸಂಕೋಚದವರು, ಇಲ್ಲವೆನ್ನಲಾಗಲಿಲ್ಲ. ಆಮೇಲೆ ನಮ್ಮ ಮನೆಗೆ ಬಂದು ತಾವೇ ಅಭಿನಯಿಸಿ ತೋರಿಸಿ ನಗುತ್ತಿದ್ದರು.

ಸಾಹುಕಾರರು ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಮಲಗುವರು. ಮೇಷ್ಟ್ರು ನಿಂತು ಮಾತಾಡುವರು. ನಡುವೆ ಹೆಣ ಬಾಯಿ ಹಾಕುವುದು.

"ಬಾವಿ ತೋಡಿಸಿದ್ದು ಬಿಟ್ರಲ್ರಿ ಮೇಷ್ಟ್ರೇ."

"ಬರ್ತದೆ, ಮುಂದೆ ಬರ್ತದೆ."

"ಬಾತಿ ತೋಟದ ಸುದ್ದಿ ಹೇಳ್ರಿ. ತೆಂಗಿನ ಗಿಡಕ್ಕೆಲ್ಲ ನಾನೇ ಕೈಯಾರೆ ನೀರು ಹಾಕಿ ಬೆಳೆಸಿದ್ದು."

"ನೀವು ನೀರು ಹಾಕಿದ್ದು ನಾನು ನೋಡಿಲ್ವಲ್ಲ."

"ನೀವು ನೋಡಿಲ್ಲ ಅಂತ ಗಿಡ ಒಣಗ್ಯಾವೇನ್ರಿ? ಹೇಳ್ರಿ. ಹಾಂ, ಇಲ್ಲಿ ಒಂಚೂರು ಗಂಟಲು ಕಟ್ಟಬೇಕು. ಕಟ್ಟಸ್ರಿ... ಇನ್ನೂ ಕಟ್ಟಸ್ರಿ."

ತಿಂಗಳುಗಟ್ಟಲೆ ಇದೇ ತಾಲೀಮು. ಇಬ್ಬರಿಗೂ ಬಾಯಿಪಾಠವಾಯಿತು. ಕೊನೆಗೆ ಸಾಹುಕಾರರಿಗೆ ಪೂರ್ತಿ ತೃಪ್ತಿಯಾದ ವಾರದಲ್ಲೇ, ಅವರಲ್ಲ, ಮೇಷ್ಟ್ರು ಎದೆನೋವಿನಿಂದ ತೀರಿಕೊಂಡರು.

ಕಾಲೇಜಿನಲ್ಲಿ ಸಂತಾಪ ಸಭೆ. ಮಾತಾಡಲು ಸಾಹುಕಾರರನ್ನು ಕರೆದಿದ್ದರು. ಪಾಪ, ಅವರಿಗೆ ನಿಜವಾಗಿಯೂ ದುಃಖವಾಗಿತ್ತು. ಮೈಕಿನ ಮುಂದೆ ನಿಂತರು, ತಬ್ಬಿಬ್ಬಾದರು, ಮಾತೇ ಹೊರಡಲಿಲ್ಲ. ಆಮೇಲೆ ತಮಗೆ ಬರುತ್ತಿದ್ದ ಒಂದೇ ಒಂದು ಸಂತಾಪ ಭಾಷಣವನ್ನು ಶುರು ಮಾಡಿದರು.

"ಈ ಮಹನೀಯರು ಆನೆಕೊಂಡದಾಗೆ ಬಾವಿ ತೋಡಿಸಿದರು! ಹತ್ತಿ ವ್ಯಾಪಾರದಾಗೆ ಹೆಸರು ಮಾಡಿದರು! ಬಾತಿಯ ತಮ್ಮ ತೋಟದಾಗೆ ತೆಂಗಿನ ಗಿಡಕ್ಕೆ ಕೈಯಾರೆ ನೀರು ಹಾಕಿದರು!" ಸರಿಯಾದ ಜಾಗದಲ್ಲಿ ಗಂಟಲೂ ಕಟ್ಟಿತು. ಪ್ರಿನ್ಸಿಪಾಲರು ಹಿಂದಿನಿಂದ ಅಂಗಿ ಜಗ್ಗಿದರೂ ನಿಲ್ಲಲಿಲ್ಲ. ಸಭೆಯಲ್ಲಿ ಅಳದೇ ಉಳಿದವರು ಕಡಿಮೆ. ಮೇಷ್ಟ್ರನ್ನು ಇಪ್ಪತ್ತು ವರ್ಷ ಬಲ್ಲವರೂ "ಹೌದಲ್ಲ, ಎಂಥ ಮನುಷ್ಯ" ಎಂದು ತಲೆಯಾಡಿಸಿದರು. ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮೇಷ್ಟ್ರ ಗಂಡುಮಕ್ಕಳು ಮೊದಲು ಮುಖ ಮುಖ ನೋಡಿಕೊಂಡರು, ಆಮೇಲೆ ನೆಟ್ಟಗೆ ಕೂತರು.

ಮರುದಿನ ಬೆಳಿಗ್ಗೆ ಇಬ್ಬರೂ ಬಾತಿಗೆ ಹೋಗಿ, ನಮ್ಮ ಅಪ್ಪಾಜಿ ತೋಟ ಯಾವುದು ಎಂದು ಮನೆ ಮನೆ ವಿಚಾರಿಸುತ್ತಿದ್ದರಂತೆ.

ದೊಡ್ಡ ಮನಸ್ಸಿನವರು

ನಮ್ಮ ಬಡಾವಣೆಯಲ್ಲಿ ಒಂದು ಶಾಲೆಯಿತ್ತು. ಅದಕ್ಕೊಂದು ಮೈದಾನ. ಮೂಲೆಯಲ್ಲಿ ಬೇವಿನಮರ, ಸಂಜೆಯಾದರೆ ಸುತ್ತಲಿನ ಮಕ್ಕಳೆಲ್ಲ ಅಲ್ಲೇ. ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರು ಹಳೇ ಕಾಲದವರು, ಮೈದಾನದ ಒಂದು ಅಡಿ ಜಾಗಕ್ಕೂ ಕೈ ಹಾಕಗೊಡುತ್ತಿರಲಿಲ್ಲ. ಉಪಾಧ್ಯಕ್ಷರು ಕಟ್ಟಡದ ಗುತ್ತಿಗೆದಾರರು. ಅವರಿಗೆ ಮೈದಾನ ಕಂಡರೆ ಮೈದಾನ ಕಾಣುತ್ತಿರಲಿಲ್ಲ, ಅಂಗಡಿ ಮಳಿಗೆಗಳ ಕಾಂಪ್ಲೆಕ್ಸ್ ಕಾಣುತ್ತಿತ್ತು.

ಅಧ್ಯಕ್ಷರು ತೀರಿಕೊಂಡರು. ಶ್ರದ್ಧಾಂಜಲಿ ಸಭೆ ಮುಗಿದ ಕೂಡಲೇ ಅಲ್ಲೇ ಹೊಸ ಅಧ್ಯಕ್ಷರ ಆಯ್ಕೆ ಎಂದು ಗೊತ್ತಾಯಿತು. ಹಿಂದಿನ ದಿನ ನನ್ನ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಆಗ ವಕೀಲ, ಸಂಸ್ಥೆಯ ಸದಸ್ಯ. ಅವನ ಮಗಳೂ ಅದೇ ಶಾಲೆಯಲ್ಲಿ ಓದುತ್ತಿದ್ದಳು. ಒಳ್ಳೆಯ ಮನುಷ್ಯ. ಕಣ್ಣು ಕೆಂಪಾಗಿತ್ತು.

"ಮೇಡಂ, ಉಪಾಧ್ಯಕ್ಷರು ಬಂದ್ರೆ ಮೈದಾನ ಹೋತು ಅಂತ್ಲೇ ಲೆಕ್ಕ. ನೇರವಾಗಿ ಬೈದ್ರೆ ಸಾವಿನ ಸಭೇಲಿ ರಾಜಕೀಯ ಮಾಡ್ತಾನೆ ಅಂತಾರೆ. ಅದಕ್ಕೆ ನೀವು ಹೇಳಿಕೊಟ್ಟ ಆ ನಾಟಕದ ಎರಡನೇ ಭಾಷಣ ಮಾಡ್ತೀನಿ. ಹೊಗಳ್ತಾ ಹೊಗಳ್ತಾ ಹೂಳಿಬಿಡ್ತೀನಿ."

ನಾನು ಹೇಳಿದೆ, "ಬ್ಯಾಡಪ್ಪ. ಆ ನಾಟಕದಲ್ಲಿ ಭಾಷಣ ಬರೆದವನೇ ಕೇಳುವ ಜನರನ್ನೂ ಬರೆದುಕೊಟ್ಟಿದ್ದ. ನಿನಗೆ ಸಿಗೋದು ದಾವಣಗೆರೆ ಜನ."

"ಜನ ಎಲ್ಲಾ ಕಡೆ ಒಂದೇ ಮೇಡಂ. ಅರ್ಥ ಮಾಡ್ಕಂತಾರೆ."

ಮರುದಿನ ಹೋದೆವು. ನಾನು ಮಾಮೂಲಿನಂತೆ ಹಿಂದಿನ ಸಾಲು, ಪಕ್ಕದಲ್ಲಿ ನಮ್ಮ ಮನೆಯವರು. ವೇದಿಕೆಯ ನಡುವೆ ಉಪಾಧ್ಯಕ್ಷರು, ಬಿಳೀ ಬಟ್ಟೆ, ಬಾಡಿದ ಮುಖ. ವಕೀಲ ಎದ್ದ. ಸತ್ತವರ ಗುಣಗಾನ ಚೆನ್ನಾಗಿಯೇ ಮಾಡಿದ. ಆಮೇಲೆ ದನಿ ತಗ್ಗಿಸಿ ಶುರು ಮಾಡಿದ.

"ದಿವಂಗತರು ಮೈದಾನ ಮಕ್ಕಳದ್ದು ಅಂತಿದ್ರು. ನಮ್ಮ ಉಪಾಧ್ಯಕ್ಷರು, ಅಲ್ಲಿ ಕಾಂಪ್ಲೆಕ್ಸ್ ಆಗ್ಲಿ ಅಂತಾರೆ. ಉಪಾಧ್ಯಕ್ಷರು ದೊಡ್ಡ ಮನಸ್ಸಿನವರು."

ಚಪ್ಪಾಳೆ.

ವಕೀಲ ಒಂದು ಕ್ಷಣ ತಡೆದ. ಶುರುವಿನಲ್ಲಿ ಹೀಗಾಗುವುದು ಸಹಜ ಅಂದುಕೊಂಡನೇನೋ, ದನಿ ಏರಿಸಿದ. "ಹಂಗಾದ್ರೆ ಮಕ್ಕಳು ಎಲ್ಲಿ ಆಡಬೇಕು? ಕಾಂಪ್ಲೆಕ್ಸಿನ ಮಹಡಿ ಮ್ಯಾಲೆ ಆಡ್ಲಿ! ಯಾಕಂದ್ರೆ ಉಪಾಧ್ಯಕ್ಷರು ದೊಡ್ಡ ಮನಸ್ಸಿನವರು!"

ಇನ್ನೂ ಜೋರು ಚಪ್ಪಾಳೆ. ನನ್ನ ಮುಂದಿನ ಸಾಲಿನವರೊಬ್ಬರು ಪಕ್ಕದವರಿಗೆ, "ಮಹಡಿ ಮ್ಯಾಲೆ ಮೈದಾನಂತೆ. ಬೆಂಗಳೂರಾಗೂ ಇಲ್ಲಂತೆ ನೋಡ್ರಿ" ಅಂದರು.

ವಕೀಲನ ಹಣೆಯಲ್ಲಿ ಬೆವರು. "ಬೇವಿನಮರ ಕಡಿದ್ರೇನಂತೆ? ಅಂಗಡಿ ಬಾಡಿಗೇನೂ ನೆರಳೇ ಅಲ್ಲೇನು? ನಿಮಗೆ ಅರ್ಥ ಆಗ್ತೈತೇನ್ರಿ, ನಾನೇನು ಹೇಳ್ತಿದೀನಿ ಅಂತ? ಉಪಾಧ್ಯಕ್ಷರು ಎಂಥಾ... ಎಂಥಾ ದೊಡ್ಡ ಮನಸ್ಸಿನವರು!"

"ಆಗ್ತೈತಿ, ಆಗ್ತೈತಿ!" ಎಂದು ಸಭೆ ಒಕ್ಕೊರಲಿನಿಂದ ಕೂಗಿತು. ಅರ್ಥವಾಗುವುದಾದರೂ ಹೇಗೆ? ಮೈಕಿನಲ್ಲಿ ಹೊಗಳಿದ್ದನ್ನು ಹೊಗಳಿಕೆ ಎಂದೇ ನುಂಗಿ ಅರಗಿಸಿಕೊಂಡ ಊರು ಇದು. ಉಪಾಧ್ಯಕ್ಷರು ಎದ್ದು ನಿಂತು ನಾಲ್ಕೂ ದಿಕ್ಕಿಗೆ ಕೈ ಮುಗಿದರು. ಕಣ್ಣು ಒದ್ದೆಯಾಗಿತ್ತು. ಸೀದಾ ಬಂದು ವಕೀಲನನ್ನು ತಬ್ಬಿಕೊಂಡರು. ಯಾರೋ ಹಾರ ತಂದರು. ಸತ್ತವರ ಫೋಟೋಕ್ಕೆ ತಂದಿದ್ದ ಎರಡರಲ್ಲಿ ಒಂದನ್ನು ತಂದಿರಬೇಕು. ಅಲ್ಲೇ, ನಿಂತ ಕಾಲಲ್ಲೇ, ಅವಿರೋಧ ಆಯ್ಕೆ. ಸೂಚಿಸಿದವರು ವಕೀಲರು ಎಂದು ದಾಖಲಾಯಿತು. ನಮ್ಮ ಮನೆಯವರು ಮೂಗು ಒರೆಸಿಕೊಳ್ಳುತ್ತ, "ಎಷ್ಟು ಮನಸ್ಸು ಬಿಚ್ಚಿ ಮಾತಾಡಿದ ಹುಡುಗ! ನಿನ್ನ ಶಿಷ್ಯ ಅಲ್ಲೇನು?" ಅಂದರು.

ಕಾಂಪ್ಲೆಕ್ಸಿನ ಶಂಕುಸ್ಥಾಪನೆಗೆ ವಕೀಲನೇ ಮುಖ್ಯ ಅತಿಥಿ. ಮನೆಗೆ ಬಂದು ಕಾರಿನಲ್ಲಿ ಕೂರಿಸಿಕೊಂಡೇ ಕರೆತಂದಿದ್ದರು. ಶಾಲು ಹೊದಿಸಿಕೊಂಡು ಕಲ್ಲಿನ ಹಾಗೆ ಕೂತಿದ್ದ. ಹೊಸ ಅಧ್ಯಕ್ಷರು ಅವನ ಹೆಗಲ ಮೇಲೆ ಕೈಯಿಟ್ಟು ಮೈಕಿನಲ್ಲಿ ಹೇಳಿದರು:

"ಇವತ್ತು ಒಂದು ಸತ್ಯ ಹೇಳ್ತೀನ್ರಿ. ಮಕ್ಕಳ ಮೈದಾನ ತೆಗೆಯೋದು ತಪ್ಪೇನೋ ಅಂತ ನಂಗೂ ಒಳಗೊಳಗೇ ಅಳುಕಿತ್ತು. ಹೋಗ್ಲಿ, ಬಿಟ್ಟುಬಿಡಾಣ ಅಂತ ಮನಿಯಾಗೆ ಹೇಳೂ ಇದ್ದೆ. ಅವತ್ತು ವಕೀಲರ ಭಾಷಣ ಕೇಳಿದ ಮ್ಯಾಲೇನೇ ನನಗೆ ಧೈರ್ಯ ಬಂದಿದ್ದು."